ಕಳೆದುಹೋದ ‘ಅಂತೆ’: ಮರುಳು ಮಾಡುವ ಮಾತನ್ನು ಪೆನ್ಸಿಲ್ ಹಿಡಿದು ಓದುವ ಬಗೆ

ನಮ್ಮ ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ನಾನು ಬೆಳೆದದ್ದು ಅದಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ. ಕಾಲೇಜು ಓದುವಾಗ ಸಂಜೆ ಹೊತ್ತು ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಆಗಿನ್ನೂ ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕಾಲ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ಚುನಾವಣೆ ಬಂದರೆ ಎಲ್ಲ ಪಕ್ಷದವರ ಪಾಂಪ್ಲೆಟ್. ಎಲ್ಲವೂ ಒಂದೇ ಟ್ರೆಡಲ್ ಮಷೀನಿನಿಂದ ಹೊರಗೆ ಬರುತ್ತಿದ್ದವು. ಮ್ಯಾಟರ್ ತಂದವರು ಹೋಗುವ ಮುಂಚೆ ಒಂದು ಮಾತು ಹೇಳುತ್ತಿದ್ದರು: “ಸ್ವಲ್ಪ ಜೋರ್ ಮಾಡ್ರಿ.”

ಜೋರು ಮಾಡುವುದು ಹೇಗೆ ಅಂತ ನಾನು ಅಲ್ಲೇ ಕಲಿತೆ. ಹೊಸ ವಿಷಯ ಏನೂ ಸೇರುತ್ತಿರಲಿಲ್ಲ. ‘ಕೆಲವರು’ ಇದ್ದದ್ದು ‘ಎಲ್ಲರೂ’ ಆಗುತ್ತಿತ್ತು. ‘ಒಂದು’ ಇದ್ದದ್ದು ‘ಏಕೈಕ’ ಆಗುತ್ತಿತ್ತು. ‘ಅಂತೆ’ ಇದ್ದದ್ದು ಕಾಣೆಯಾಗುತ್ತಿತ್ತು.

ಈಗ ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಅಂದು ಜೋರು ಮಾಡಿದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಜೋರು ಇಳಿಸಬಹುದು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ. ಬೇಕಾಗುವುದು ಒಂದು ಪೆನ್ಸಿಲ್, ಒಂದು ಹಾಳೆ, ಹತ್ತು ನಿಮಿಷ. ಫೋನಿಗೆ ಬಂದ ಮೆಸೇಜ್ ಆಗಿದ್ದರೆ ಕೈಯಿಂದ ಹಾಳೆಗೆ ಇಳಿಸಿಕೊಳ್ಳಿ. ಬಣ್ಣ, ದಪ್ಪ ಅಕ್ಷರ, ಕೈಮುಗಿಯುವ ಚಿತ್ರ ಎಲ್ಲ ಫೋನಿನಲ್ಲೇ ಉಳಿಯುತ್ತವೆ. ಹಾಳೆಗೆ ಬರುವುದು ಮಾತು ಮಾತ್ರ.

1. ಮೊದಲು ಕಾಗದದ ಬುಡ ನೋಡಿ

ತಲೆಬರಹ ಓದಬೇಡಿ. ಕಣ್ಣು ನೇರವಾಗಿ ಕೊನೆಯ ಸಾಲಿಗೆ ಹೋಗಲಿ. ಚುನಾವಣೆಯ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹಾಗೆ ಹೇಳುತ್ತದೆ. ತಪ್ಪಿದರೆ 6 ತಿಂಗಳ ತನಕ ಜೈಲು, ಇಲ್ಲವೇ 2,000 ರೂಪಾಯಿ ತನಕ ದಂಡ, ಅಥವಾ ಎರಡೂ. ಅಚ್ಚು ಮಾಡಿಸುವವರು ಮುದ್ರಕರಿಗೆ ಸಹಿ ಮಾಡಿದ ಘೋಷಣೆ ಕೊಡಬೇಕು. ಅದಕ್ಕೆ ಅವರನ್ನು ಬಲ್ಲ ಇಬ್ಬರ ಸಾಕ್ಷಿಯೂ ಬೇಕು. ಇದೆಲ್ಲ ಗೊತ್ತಿದ್ದೂ ಬುಡದಲ್ಲಿ ಹೆಸರಿಲ್ಲದ ಕಾಗದ ನಿಮ್ಮ ಬಾಗಿಲಿಗೆ ಬಂದಿದ್ದರೆ, ಬರೆದವರಿಗೆ ತಮ್ಮ ಮಾತಿನ ಹೊಣೆ ಬೇಡ ಅಂತಲೇ ಅರ್ಥ.

ವಾಟ್ಸಾಪ್‌ನಲ್ಲಿ ಬುಡ ಇರುವುದಿಲ್ಲ, ತಲೆ ಇರುತ್ತದೆ. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಕಡಿಮೆ ಅಂದರೂ ಐದು ಕೈ ದಾಟಿ ಬಂದದ್ದು. 2020ರಿಂದ ಅಂಥ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಲು ಬರುತ್ತದೆ. ಕಳಿಸಿದವರು ನಿಮ್ಮ ಸೋದರಮಾವ ಇರಬಹುದು. ಬರೆದವರು ಅವರಲ್ಲ. ಮಾವನ ಮೇಲಿನ ನಂಬಿಕೆಯನ್ನು ಮೆಸೇಜಿಗೆ ಕೊಡಬೇಡಿ.

2. ಎದೆಯಲ್ಲಿ ಏನಾಯಿತು, ಒಂದು ಪದದಲ್ಲಿ ಬರೆಯಿರಿ

ಈಗ ಒಂದು ಸಲ ಪೂರ್ತಿ ಓದಿ. ಹಾಳೆಯ ಮೂಲೆಯಲ್ಲಿ ಒಂದು ಪದ ಬರೆಯಿರಿ: ಸಿಟ್ಟು, ಹೆದರಿಕೆ, ಆಸೆ, ಹೆಮ್ಮೆ, ನಾಚಿಕೆ. ಮಕ್ಕಳು ಇದನ್ನು ಸುಲಭ ಅಂದುಕೊಳ್ಳುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಅದಕ್ಕೆ ಕಾರಣ ಇದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ಬೆಳಿಗ್ಗೆ ಪೇಪರಿನ ಮಡಿಕೆಯೊಳಗೆ ಹಸಿರು ಹ್ಯಾಂಡ್‌ಬಿಲ್ ಬಂತು. ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ. ಜೀವನಪೂರ್ತಿ ಗುಳಿಗೆಯ ಗುಲಾಮರಾಗುವಿರಾ?’ ಅಂತ ಇತ್ತು. ಕೆಳಗೆ ನಾಲ್ಕು ಜನರ ಫೋಟೋ, ನಾಲ್ವರ ಮಾತು. ಗುಳಿಗೆ ನುಂಗಿ ನುಂಗಿ ಬೇಸತ್ತಿದ್ದ ಅಪ್ಪನಿಗೆ ‘ಗುಲಾಮ’ ಅನ್ನುವ ಪದ ನೇರ ಎದೆಗೆ ನಾಟಿತು. ನನಗೂ ಆಸೆ ಆಯಿತು. ಪುಡಿಯ ಡಬ್ಬಿ ತಂದುಕೊಟ್ಟವನು ನಾನೇ. ಅಪ್ಪ ಗುಳಿಗೆ ಬಿಟ್ಟರು. ಎರಡು ತಿಂಗಳಿಗೆ ಕಾಲಿನ ಸಣ್ಣ ಗಾಯ ಮಾಯದೆ ಕೀವು ತುಂಬಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದರು. ಕಾಲು ಉಳಿಯಿತು. ಒಂದು ಬೆರಳು ಹೋಯಿತು.

ಆಮೇಲೆ ಗೊತ್ತಾಯಿತು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯಲ್ಲಿ ಇಂಥ ಕಾಯಿಲೆಗಳ ಪಟ್ಟಿಯೇ ಇದೆ. ಅಂದರೆ ಆ ಹಸಿರು ಕಾಗದ ಅಚ್ಚಾದದ್ದೇ ತಪ್ಪು. ಆ ಬೆಳಿಗ್ಗೆ ನಾನು ಮೂಲೆಯಲ್ಲಿ ‘ಆಸೆ’ ಅಂತ ಒಂದು ಪದ ಬರೆದಿದ್ದರೆ, ಡಬ್ಬಿ ತರುವ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡುತ್ತಿದ್ದೆನೇನೋ.

ಮಾತು ಮೊದಲು ಮುಟ್ಟುವುದು ಎದೆಯನ್ನು. ತಲೆಗೆ ತಲುಪುವುದು ಆಮೇಲೆ. ಆ ನಡುವಿನ ಹೊತ್ತಿನಲ್ಲೇ ನಾವು ಡಬ್ಬಿ ಕೊಳ್ಳುತ್ತೇವೆ, ಫಾರ್ವರ್ಡ್ ಒತ್ತುತ್ತೇವೆ.

3. ಪದದ ಬಾಲ ಹಿಡಿಯಿರಿ

ಈಗ ಪೆನ್ಸಿಲಿಗೆ ಕೆಲಸ. ಕನ್ನಡದಲ್ಲಿ ಮೋಸ ಅಡಗುವುದು ಹೆಚ್ಚಾಗಿ ಪದದ ತುದಿಯಲ್ಲಿ. ಮೂರು ಬಾಲ ನೋಡಿ.

ಒಂದು, ‘ಊ’. ಎಲ್ಲರೂ, ಯಾರೂ, ಎಂದೂ, ಎಲ್ಲಿಯೂ. ಇವುಗಳ ಸುತ್ತ ವೃತ್ತ ಎಳೆಯಿರಿ. ಎಲ್ಲರೂ ಅಂದರೆ ಎಷ್ಟು ಜನ? ಎಣಿಸಿದವರು ಯಾರು?

ಎರಡು, ‘ಏ’. ಒಂದೇ ದಾರಿ, ಅವರೇ ಕಾರಣ, ಇಂದೇ ಬನ್ನಿ. ‘ಅವರೂ ಕಾರಣ’ ಎಂಬ ಮಾತಿಗೂ ‘ಅವರೇ ಕಾರಣ’ ಎಂಬ ಮಾತಿಗೂ ಒಂದು ಸ್ವರದ ಅಂತರ. ಆ ಒಂದು ಸ್ವರದಲ್ಲಿ ಉಳಿದ ಕಾರಣಗಳೆಲ್ಲ ಮುಳುಗಿಹೋಗುತ್ತವೆ.

ಮೂರನೆಯದು ಕಾಣದ ಬಾಲ. ಅದು ‘ಅಂತೆ’. ನಮ್ಮ ಭಾಷೆಯ ಒಂದು ದೊಡ್ಡ ಗುಣ ಇದು. ಕಣ್ಣಾರೆ ಕಂಡದ್ದಕ್ಕೆ ‘ಮಳೆ ಬಂತು’ ಅನ್ನುತ್ತೇವೆ. ಯಾರೋ ಹೇಳಿದ್ದಕ್ಕೆ ‘ಮಳೆ ಬಂತಂತೆ’ ಅನ್ನುತ್ತೇವೆ. ನಮ್ಮ ಕಡೆ ‘ಬಂತಂತ’. ಓದು ಬರಹ ಬಾರದ ನಮ್ಮ ಅಜ್ಜಿ ಕೂಡ ಈ ಗೆರೆ ದಾಟುತ್ತಿರಲಿಲ್ಲ. ಕೇಳಿದ ಮಾತಿಗೆ ‘ಅಂತ’ ಹಚ್ಚದೆ ಬಿಡುತ್ತಿರಲಿಲ್ಲ. ಪ್ರಚಾರದ ಮಾತು ಮೊದಲು ಕತ್ತರಿಸುವುದು ಇದನ್ನೇ. ಯಾರೋ ಹೇಳಿದ್ದು, ಇನ್ನಾರೋ ಬರೆದದ್ದು, ಕಣ್ಣಾರೆ ಕಂಡಷ್ಟು ಗಟ್ಟಿಯಾಗಿ ನಮ್ಮ ಮುಂದೆ ಬರುತ್ತದೆ.

ಹಾಗಾಗಿ ಪ್ರತಿ ವಾಕ್ಯದ ಕೊನೆಗೆ ‘ಅಂತೆ’ ಹಚ್ಚಿ ಗಟ್ಟಿಯಾಗಿ ಓದಿ. ‘ಆ ಓಣಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವುದನ್ನು ‘ಬಂದಿದ್ದಾರಂತೆ’ ಅಂತ ಓದಿ ನೋಡಿ. ಕೂಡಲೇ ನಾಲಿಗೆ ತಾನಾಗಿ ‘ಯಾರು ಹೇಳಿದರು?’ ಅಂತ ಕೇಳುತ್ತದೆ.

‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’ ಎಂಬ ಪೇಪರಿನ ಪದಗಳನ್ನು ‘ಅಂತೆ’ಗೆ ಸಮ ಅಂದುಕೊಳ್ಳಬೇಡಿ. ‘ಅಂತೆ’ ಅಂದವರು ಎದುರಿಗೇ ಇರುತ್ತಾರೆ, ಕೇಳಬಹುದು. ‘ಎನ್ನಲಾಗಿದೆ’ ಅಂದವರನ್ನು ಎಲ್ಲಿ ಹುಡುಕುವುದು?

4. ಒಂದು ಕಾಗದ ಬಿಚ್ಚಿ ನೋಡೋಣ

ಅಭ್ಯಾಸಕ್ಕೆ ಒಂದು ಹ್ಯಾಂಡ್‌ಬಿಲ್ ನಾನೇ ಬರೆದಿದ್ದೇನೆ. ಇಂಥವು ನಮ್ಮ ಕಡೆ ದಿನಾ ಸಿಗುತ್ತವೆ.

‘ಹುಬ್ಬಳ್ಳಿ-ಧಾರವಾಡದ ಹೃದಯಭಾಗದಲ್ಲಿ ನಿಮ್ಮ ಕನಸಿನ ಪ್ಲಾಟ್! ಬಸ್ ಸ್ಟ್ಯಾಂಡಿನಿಂದ ಕೇವಲ 10 ನಿಮಿಷ. ಈಗಾಗಲೇ ನೂರಾರು ಜಾಣರು ಬುಕ್ ಮಾಡಿದ್ದಾರೆ. ಉಳಿದಿರುವುದು 7 ಮಾತ್ರ. ಇಂದು ಬಿಟ್ಟರೆ ಎಂದೂ ಇಲ್ಲ. ಮಕ್ಕಳ ಭವಿಷ್ಯದ ಬಗ್ಗೆ ನಿಮಗೆ ಕಾಳಜಿ ಇಲ್ಲವೇ?’

ಪರೀಕ್ಷೆ ಮಾಡಬಹುದಾದ ಪದದ ಕೆಳಗೆ ಗೆರೆ ಎಳೆಯಿರಿ. ಗೆರೆ ಬೀಳುವುದು ಮೂರೇ ಕಡೆ: 10 ನಿಮಿಷ, ನೂರಾರು ಜನ, 7 ಪ್ಲಾಟ್. ಉಳಿದದ್ದೆಲ್ಲ ಎದೆಗೆ ಬರೆದದ್ದು.

ಈಗ ಗೆರೆ ಎಳೆದದ್ದನ್ನು ಪ್ರಶ್ನಿಸಿ. ಹತ್ತು ನಿಮಿಷ ಯಾವ ಗಾಡಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಬಸ್ ಸ್ಟ್ಯಾಂಡಿನಿಂದ? ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್ ಇದೆ. ಎರಡು ಊರಿಗೆ ಒಂದೇ ಹೃದಯಭಾಗ ಎಲ್ಲಿ ಬಂತು? ಒಟ್ಟು ಪ್ಲಾಟ್ ಎಷ್ಟು? ನೂರಾರು ಬುಕ್ ಆದದ್ದು ನಿಜವಾದರೆ ಉಳಿದ ಏಳಕ್ಕೆ ಮನೆಮನೆಗೆ ಕಾಗದ ಹಂಚುವ ಖರ್ಚು ಯಾಕೆ?

‘ಜಾಣರು’ ಎಂಬ ಪದವನ್ನು ಬಿಡಬೇಡಿ. ಬುಕ್ ಮಾಡದವರು ದಡ್ಡರು ಅನ್ನುವುದನ್ನು ಹೇಳದೆಯೇ ಹೇಳಿದ್ದಾರೆ. ಕೊನೆಯ ಪ್ರಶ್ನೆಯಂತೂ ಉತ್ತರ ಬೇಡದ ಪ್ರಶ್ನೆ. ಅದಕ್ಕೆ ‘ಇಲ್ಲ’ ಅನ್ನುವ ತಂದೆತಾಯಿ ಇಲ್ಲ. ‘ಇದೆ’ ಅಂದ ಕೂಡಲೇ ಪ್ಲಾಟ್ ಕೊಳ್ಳಲು ಒಪ್ಪಿದಂತೆ ಆಗುತ್ತದೆ. ಮಕ್ಕಳ ಮೇಲಿನ ಕಾಳಜಿಗೂ ಈ ಪ್ಲಾಟಿಗೂ ಏನು ಸಂಬಂಧ ಅಂತ ಕೇಳಿಕೊಂಡರೆ ಗಂಟು ಬಿಚ್ಚುತ್ತದೆ.

ಆಮೇಲೆ ಇಲ್ಲದ್ದನ್ನು ಹುಡುಕಿ. ಹೆಚ್ಚಿನ ಸಲ ಮುಖ್ಯವಾದದ್ದು ಕಾಗದದ ಹೊರಗೆ ಇರುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಮಾರುವ ಮುಂಚೆ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯಡಿ ನೋಂದಣಿ ಆಗಬೇಕು. ಆ ನೋಂದಣಿ ನಂಬರ್ ಜಾಹೀರಾತಿನಲ್ಲೇ ಇರಬೇಕು. ನಮ್ಮ ಕಾಗದದಲ್ಲಿ ಅದು ಇಲ್ಲ. ಲೇಔಟಿಗೆ ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯೋ ಇಲ್ಲವೋ, ಅದೂ ಇಲ್ಲ. ನಂಬರ್ ಇದ್ದರೂ ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಐದು ನಿಮಿಷದ ಕೆಲಸ.

5. ಪಟ್ಟಿನ ಹೆಸರು ಗೊತ್ತಿರಲಿ

ಕುಸ್ತಿಯಲ್ಲಿ ಪಟ್ಟಿಗೆ ಹೆಸರಿರುವ ಹಾಗೆ ಇಲ್ಲೂ ಇದೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಚಾರದ ಮಾತನ್ನು ಬಿಡಿಸಿ ನೋಡಲೆಂದೇ ಒಂದು ಸಂಸ್ಥೆ ಹುಟ್ಟಿತು. ಅದು ಏಳು ಪಟ್ಟುಗಳನ್ನು ಹೆಸರಿಸಿ ಶಾಲೆಗಳಿಗೆ ಹಂಚಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವು ಹೀಗೆ. ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು. ‘ಅಭಿವೃದ್ಧಿ’, ‘ಸ್ವಾಭಿಮಾನ’ ಥರ ಯಾರೂ ಬೇಡ ಅನ್ನದ ಹೊಳೆಯುವ ಪದ ಬಳಸುವುದು. ದೊಡ್ಡವರಿಂದ ಸಾಕ್ಷಿ ಹೇಳಿಸುವುದು. ‘ನಾನೂ ನಿಮ್ಮ ಹಾಗೆ ರೊಟ್ಟಿ ತಿಂದು ಬೆಳೆದವನು’ ಅನ್ನುವುದು. ‘ಎಲ್ಲಾರೂ ತೊಗೊಳ್ಳಾಕತ್ತಾರ, ನೀವೊಬ್ಬರ ಉಳಿದೀರಿ’ ಅನ್ನುವುದು. ಉಳಿದ ಎರಡು ಗೌರವದ ಸಾಗಣೆ ಮತ್ತು ಇಸ್ಪೀಟ್ ಎಲೆ ಜೋಡಿಸುವುದು. ಇವೆರಡರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ಹೊಲಿಯುತ್ತಾರೆ. ಆ ಬಟ್ಟೆ ಕಂಡರೆ ನಮ್ಮ ಬೆನ್ನು ನೇರ ಆಗುತ್ತದೆ. ಆ ಗೌರವವನ್ನು ಎತ್ತಿಕೊಂಡು ಹೋಗಿ ತಮ್ಮ ಸಾಮಾನಿನ ಮೇಲೆ ಇಳಿಸುವುದೇ ಸಾಗಣೆ. ಧ್ವಜವನ್ನಾಗಲಿ ಗಾಂಧೀಜಿಯ ಚಿತ್ರವನ್ನಾಗಲಿ ವ್ಯಾಪಾರಕ್ಕೆ ಬಳಸದಂತೆ 1950ರಲ್ಲೇ ಕಾನೂನು ಬಂತು. ಆದರೆ ಮೂರು ಬಣ್ಣದ ಪಟ್ಟಿಗೆ, ಸಂತರ ಭಾವಚಿತ್ರಕ್ಕೆ, ಕಿತ್ತೂರು ಚೆನ್ನಮ್ಮನ ಖಡ್ಗಕ್ಕೆ ಫ್ಲೆಕ್ಸ್ ಮೇಲೆ ಬರವಿಲ್ಲ. ಫ್ಲೆಕ್ಸ್ ಮೇಲಿನ ದೊಡ್ಡವರ ಚಿತ್ರವನ್ನು ಅಂಗೈಯಿಂದ ಮುಚ್ಚಿ. ಉಳಿದ ಮುಖ ಮತ್ತು ಉಳಿದ ಮಾತು ನಿಮಗೆ ಏನು ಹೇಳುತ್ತವೆ, ನೋಡಿ.

ಇನ್ನು ಎಲೆ ಜೋಡಿಸುವುದು. ತನಗೆ ಬೇಕಾದ ಎಲೆ ಮೇಲೆ, ಬೇಡವಾದದ್ದು ಕೆಳಗೆ. ಇದರಲ್ಲಿ ಒಂದೂ ಸುಳ್ಳು ಇರಬೇಕಿಲ್ಲ. ಗೋವಾ ಜೊತೆಗಿನ ಮಹದಾಯಿ ನದಿ ನೀರಿನ ವ್ಯಾಜ್ಯ ನೆನಪಿಸಿಕೊಳ್ಳಿ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಒಬ್ಬರು ವೇದಿಕೆಯಿಂದ ‘13.42 ಟಿಎಂಸಿ ನೀರು ಗೆದ್ದೆವು’ ಅನ್ನಬಹುದು. ಇನ್ನೊಬ್ಬರು ‘ಬರೀ 3.9 ಟಿಎಂಸಿ ಸಿಕ್ಕಿತು’ ಅನ್ನಬಹುದು. ಎರಡೂ ತೀರ್ಪಿನೊಳಗಿನ ಅಂಕಿಗಳೇ. ವಿದ್ಯುತ್ತಿಗೆ 8.02, ಕಣಿವೆಯೊಳಗಿನ ಬಳಕೆಗೆ 1.5, ಮಲಪ್ರಭೆಗೆ ತಿರುಗಿಸಲು ಕಳಸಾ ಹಳ್ಳದಿಂದ 1.72 ಮತ್ತು ಬಂಡೂರಿ ಹಳ್ಳದಿಂದ 2.18. ಕೊನೆಯ ಎರಡನ್ನು ಕೂಡಿಸಿದರೆ 3.9. ಎಲ್ಲ ಕೂಡಿಸಿದರೆ 13.42. ಕರ್ನಾಟಕ ಕೇಳಿದ್ದು ಸುಮಾರು 36.5. ಮೊದಲನೆಯವರು ನೀರು ಯಾವುದಕ್ಕೆ ಅನ್ನುವುದನ್ನು ಮುಚ್ಚಿಟ್ಟರು. ಎರಡನೆಯವರು ಉಳಿದದ್ದು ಎಲ್ಲಿ ಹೋಯಿತು ಅನ್ನುವುದನ್ನು ಮುಚ್ಚಿಟ್ಟರು.

ಹಾಗಾಗಿ ಅಂಕಿ ಕಂಡರೆ ಮೂರು ಕೇಳಿ: ಒಟ್ಟು ಎಷ್ಟರಲ್ಲಿ? ಯಾವುದಕ್ಕೆ? ಯಾವುದರ ಜೊತೆ ಹೋಲಿಸಿ? ಬೀಜದ ಕಂಪನಿಯವರ ‘ಎಕರೆಗೆ 40 ಕ್ವಿಂಟಲ್‌ವರೆಗೆ’ ಎಂಬ ಮಾತಿಗೂ ಇದೇ ಮದ್ದು. ‘ವರೆಗೆ’ ಅನ್ನುವುದರೊಳಗೆ ನಾಲ್ಕು ಕ್ವಿಂಟಲ್ ಕೂಡ ಸೇರುತ್ತದೆ. ಹಾವೇರಿ ಜಿಲ್ಲೆಯವರಾದರೆ ಹನುಮನಮಟ್ಟಿಯ, ಗದಗದವರಾದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದು ಮಾತು ಕೇಳಿ ಬೀಜ ತನ್ನಿ.

6. ಅಲಂಕಾರ ಕಳಚಿ ಓದಿ

ನಾವೆಲ್ಲ ಹೈಸ್ಕೂಲಿನಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆ ಕಲಿತೆವು. ಪರೀಕ್ಷೆ ಮುಗಿದ ಮೇಲೆ ಅವು ಕವಿತೆಯ ಸ್ವತ್ತು ಅಂದುಕೊಂಡು ಬಿಟ್ಟೆವು. ಅವು ದಿನಾ ಆಟೋದ ಮೈಕಿನಲ್ಲಿ ಓಣಿ ಸುತ್ತುತ್ತವೆ.

ಪ್ರಾಸ ನೋಡಿ. ಒಂದೇ ಅರ್ಥದ ಎರಡು ಮಾತಿನಲ್ಲಿ ಪ್ರಾಸ ಇದ್ದದ್ದು ಜನರಿಗೆ ಹೆಚ್ಚು ನಿಜ ಅನ್ನಿಸುತ್ತದೆ ಎಂದು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಘೋಷಣೆಯ ಪ್ರಾಸ ಮುರಿದು ಸಾದಾ ಮಾತಿನಲ್ಲಿ ಬರೆಯಿರಿ. ಅರ್ಥ ಉಳಿಯಿತೇ? ಮತ್ತೆ ಮತ್ತೆ ಕೇಳಿದ ಮಾತು ಕೂಡ ಹಾಗೆಯೇ. ಹಿಂದೆ ಕೇಳಿದ್ದು ಎಂಬ ಕಾರಣಕ್ಕೇ ನಿಜ ಅನ್ನಿಸುತ್ತದೆ. 1977ರಿಂದ ಸಂಶೋಧಕರು ಇದನ್ನು ಪ್ರಯೋಗ ಮಾಡಿ ತೋರಿಸುತ್ತಾ ಬಂದಿದ್ದಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ರೂಪಕದ ಹತ್ತಿರ. ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎನಿಸಿಕೊಂಡ ಕುಮಾರವ್ಯಾಸನನ್ನು ಕರೆಯುವುದೇ ‘ಗದುಗಿನ ನಾರಣಪ್ಪ’ ಅಂತ. ರೂಪಕದ ಬಲ ಎಂಥದ್ದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಉಪಮೆ ‘ಹಾಗೆ’ ಅನ್ನುತ್ತದೆ, ಆದ್ದರಿಂದ ಎರಡರ ನಡುವೆ ಸ್ವಲ್ಪ ಜಾಗ ಬಿಡುತ್ತದೆ. ರೂಪಕ ಆ ಜಾಗವನ್ನೂ ಅಳಿಸುತ್ತದೆ. ಒಂದು ಊರಿನ, ಜಾತಿಯ, ಧರ್ಮದ, ಭಾಷೆಯ ಜನರನ್ನು ಯಾರಾದರೂ ‘ಗೆದ್ದಲು’, ‘ಕಳೆ’, ‘ಹಾವು’ ಅಂದರೆ ಪೆನ್ಸಿಲ್ ಅಲ್ಲೇ ನಿಲ್ಲಿಸಿ. ಕಳೆ ಕಂಡ ರೈತ ಏನು ಮಾಡುತ್ತಾನೆ? ಕೀಳುತ್ತಾನೆ. ಆ ಮುಂದಿನ ಕೆಲಸವನ್ನು ರೂಪಕ ಬಾಯಿಬಿಟ್ಟು ಹೇಳದೆ ನಮ್ಮ ಕೈಗೆ ಕೊಟ್ಟಿರುತ್ತದೆ. 1994ರಲ್ಲಿ ರುವಾಂಡಾದ ರೇಡಿಯೋ ಒಂದು ಜನಾಂಗವನ್ನು ದಿನಾ ‘ಜಿರಳೆಗಳು’ ಅಂತ ಕರೆಯಿತು. ಲಕ್ಷಾಂತರ ಜನರ ಕೊಲೆಯಾಯಿತು. ಕೊಂದವರಲ್ಲಿ ಅವರ ನೆರೆಯವರೂ ಇದ್ದರು. ಇಂಥ ಪದ ನಮ್ಮ ಗುಂಪಿನಲ್ಲಿ ಬಂದರೆ ನಾನು ಸುಮ್ಮನಿರುವುದಿಲ್ಲ. ನೀವೂ ಇರಬೇಡಿ.

ಅಲಂಕಾರ ಇದ್ದ ಮಾತೆಲ್ಲ ಮೋಸ ಅಂತ ತಿಳಿಯಬಾರದು. ಪೋಲಿಯೋದ ‘ಎರಡು ಹನಿ’ ಪ್ರಚಾರವೂ ನಮ್ಮ ಮಕ್ಕಳ ಮೇಲಿನ ಪ್ರೀತಿಯನ್ನೇ ಮುಟ್ಟಿತು, ಅದನ್ನೇ ನೂರು ಸಲ ಹೇಳಿತು. ಆದರೆ ಅಲಂಕಾರ ಕಳಚಿದರೆ ಒಳಗೆ ಪರೀಕ್ಷೆಗೆ ನಿಲ್ಲುವ ಸಂಗತಿ ಇತ್ತು. 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಕಳಚಿದ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ನೋಡಬೇಕು, ಅಷ್ಟೇ.

7. ನಿಮಗೆ ಇಷ್ಟವಾದ ಮಾತಿನ ಮೇಲೆ ಇದೇ ಪೆನ್ಸಿಲ್ ಆಡಿಸಿ

ನ್ಯೂಯಾರ್ಕಿನ ಆ ಸಂಸ್ಥೆ ಬಹಳ ದಿನ ನಡೆಯಲಿಲ್ಲ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ ಮುಚ್ಚಿತು. ಬೇರೆಯವರ ಮಾತು ಬಿಡಿಸುವಷ್ಟು ಸುಲಭವಾಗಿ ನಮ್ಮವರ ಮಾತು ಬಿಡಿಸಲು ಆಗುವುದಿಲ್ಲ.

ಮಲಪ್ರಭೆಗೆ ನೀರು ಬರಬೇಕು ಅನ್ನುವವರಲ್ಲಿ ನಾನೂ ಒಬ್ಬ. ನರಗುಂದ, ನವಲಗುಂದದ ರೈತರು 2015ರಲ್ಲಿ ಧರಣಿ ಕುಳಿತಾಗ ನಾನೂ ಹೋಗಿ ಕುಳಿತಿದ್ದೆ. ತೀರ್ಪು ಬಂದ ಮೇಲೆ ಬಹಳ ದಿನ 3.9 ಎಂಬ ಅಂಕಿಯೊಂದನ್ನೇ ತರಗತಿಯಲ್ಲಿ, ಮನೆಯಲ್ಲಿ ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, “ಸರ್, ಒಟ್ಟು ಎಷ್ಟರಾಗ?” ಅಂತ ಕೇಳಿದಳು. ಆ ದಿನ ಮನೆಗೆ ಹೋಗಿ ಪೂರ್ತಿ ಲೆಕ್ಕ ಬರೆದುಕೊಂಡೆ. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಈಗ ನಾನು ಅಷ್ಟೂ ಅಂಕಿ ಹೇಳುತ್ತೇನೆ.

ವಾರಕ್ಕೆ ಒಂದು ಸಲ ನಿಮ್ಮ ಪಕ್ಷದ, ನಿಮ್ಮ ಮಠದ, ನಿಮ್ಮ ಸಂಘದ ಒಂದು ಕಾಗದ ತೆಗೆದುಕೊಳ್ಳಿ. ಅದರ ‘ಊ’, ‘ಏ’ಗಳಿಗೆ ವೃತ್ತ ಎಳೆಯಿರಿ. ಎಷ್ಟು ‘ಅಂತೆ’ ಬಿದ್ದುಹೋಗಿವೆ, ಎಣಿಸಿ.

8. ಮನೆಯವರಿಗೆ ಹೇಳುವುದು

ಜಾಹೀರಾತು ಸುಳ್ಳು ಅನ್ನಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಣವೇ ಹೋಗಿದ್ದರೆ, ಅದೂ ಫೋನಿನ ಮೂಲಕ, ತಡ ಮಾಡದೆ 1930. ಅಪರಿಚಿತರ ವಿಷಯ ಹೀಗೆ ಮುಗಿಯುತ್ತದೆ. ಕಷ್ಟ ಇರುವುದು ಮನೆಯ ಗುಂಪಿನಲ್ಲಿ.

ನಮ್ಮ ಕಾಕಾ ದಿನಕ್ಕೆ ಹತ್ತು ಫಾರ್ವರ್ಡ್ ಕಳಿಸುತ್ತಿದ್ದರು. ಮೊದಮೊದಲು ನಾನು ಗುಂಪಿನಲ್ಲೇ ‘ಇದು ಸುಳ್ಳು’ ಅಂತ ಬರೆದೆ. ಎಲ್ಲರ ಮುಂದೆ ಎಪ್ಪತ್ತು ದಾಟಿದವರ ಮಾತು ತೆಗೆದುಹಾಕಿದ ಹಾಗಾಯಿತು. ಎರಡು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಅವರು ಸಿಟ್ಟಾದದ್ದು ಸರಿ ಅಂತಲೇ ಈಗ ನನಗೆ ಅನ್ನಿಸುತ್ತದೆ.

ಆಮೇಲೆ ಗುಂಪು ಬಿಟ್ಟು ಫೋನ್ ಮಾಡತೊಡಗಿದೆ. “ಕಾಕಾ, ಊಟ ಆತೇನ್ರಿ? ಮುಂಜಾನಿ ಕಳಿಸಿದ್ರಲ್ಲ, ಅದನ್ನ ನಿಮಗ ಯಾರು ಕಳಿಸಿದ್ರು?”

“ವಾಕಿಂಗಿಗೆ ಬರ್ತಾರಲ್ಲ, ಅವರು.”

“ಅವರು ನೋಡ್ಯಾರಂತೇನು?”

“ಅವರಿಗೂ ಯಾರೋ ಕಳಿಸ್ಯಾರ. ನೋಡಿಲ್ಲ ಬಿಡು.”

ಅಷ್ಟೇ ಕೇಳಿ ಬೇರೆ ಮಾತಿಗೆ ಹೊರಳುತ್ತಿದ್ದೆ. ತಪ್ಪು ತೋರಿಸಲಿಲ್ಲ, ಲಿಂಕ್ ಕಳಿಸಲಿಲ್ಲ. ಹೀಗೆ ನಾಲ್ಕೈದು ತಿಂಗಳು ನಡೆಯಿತು. ಕಾಕಾ ಫಾರ್ವರ್ಡ್ ಮಾಡುವುದನ್ನು ಬಿಟ್ಟಿಲ್ಲ. ಆದರೆ ಹೋದ ವಾರ ಬಂದ ಒಂದು ಮೆಸೇಜಿನ ಕೆಳಗೆ ಅವರೇ ಕೈಯಾರೆ ಒಂದು ಸಾಲು ಸೇರಿಸಿದ್ದರು: ‘ಹಿಂಗಂತ. ನಾ ನೋಡಿಲ್ಲ.’